ಖಾರ ಬಿಟ್ಟರೂ ಹೋಗದ ನೋವು

ಗೆಳೆಯರೇ, ನಮ್ಮ ಮನೆಗೆಲಸದ ಮಲ್ಲಮ್ಮ ಇಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕುಸಿದಳು. ಹಲಸೂರಿನ ಒಂದು ನರ್ಸಿಂಗ್ ಹೋಮ್‌ಗೆ ಕರೆದೊಯ್ದೆ.

"ಯಾವೂರಮ್ಮ?" ಎಂದರು ಡಾಕ್ಟರು.

"ರಾಯಚೂರ ಕಡೀದಾಕಿ ರೀ."

"ಅದಕ್ಕೇ! ಖಾರ ತಿಂದು ತಿಂದು ಗ್ಯಾಸ್ ಆಗಿದೆ. ಖಾರ ಬಿಡು, ಹೋಗುತ್ತೆ."

ಊರು ಕೇಳಿ ರೋಗ ಹೇಳುವುದೆಂದರೇನು? ಜಗಳವಾಡಿ ಸ್ಕ್ಯಾನ್ ಮಾಡಿಸಿದೆ. ಕರುಳನ್ನು ಮುಚ್ಚಿರುವ ಕೊಬ್ಬಿನ ಪದರ ತಿರುಚಿಕೊಂಡು ಅದಕ್ಕೆ ರಕ್ತ ಹರಿಯುವುದೇ ನಿಂತುಹೋಗಿತ್ತು. "ತುಂಬಾ ರೇರ್ ಸರ್," ಎಂದರು ಅದೇ ಡಾಕ್ಟರು.

ಸಂಜೆ ಆಪರೇಷನ್ ಮುಗಿದು ಎಚ್ಚರವಾದಾಗ ಮಲ್ಲಮ್ಮ ಕೇಳಿದ್ದು ಒಂದೇ: "ಇನ್ನ ಖಾರ ಬಿಡಬೇಕೇನ್ರೀ, ಸರ?"

ನಲವತ್ತು ವರ್ಷದ ಹಿಂದೆ ಶಿವಾಜಿನಗರದಲ್ಲಿ ನನ್ನ ತಂಗಿಯ ಹೊಟ್ಟೆನೋವಿಗೂ ಗ್ಯಾಸ್ ಎಂದೇ ಹೇಳಿದ್ದರು. ಉಪ್ಪಿನಕಾಯಿ ಬಿಡು ಎಂದರು. ಬಿಟ್ಟಳು. ಸಾಯುವ ದಿನವೂ ಮುಟ್ಟಲಿಲ್ಲ. ಪಥ್ಯದಲ್ಲಿ ಮಾತ್ರ ಯಾವ ಲೋಪವೂ ಆಗಲಿಲ್ಲ.