ತಿಕೋಟಾ ಬಸ್ಸಿನಲ್ಲಿ ಜಪಾನಿ ಚಿತ್ರ

ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನ ಮೇಲೆ ಓಡುವ ನಮ್ಮ ಬಸ್ಸು, ಗ್ಯಾಸು ಏರದೆ ತಿಕೋಟಾದಲ್ಲೇ ನಿಂತಿದೆ. ಜಪಾನಿನ ಮೇಲೆ ಯುದ್ಧ ನಡೆದಿರುವಾಗ ನನ್ನ ಚೀಲದಲ್ಲಿ ಜಪಾನಿ ಚಿತ್ರಗಳು. ಡ್ರಾಯಿಂಗ್ ಕಲಿಸಲು ಎಂದೋ ಕೊಂಡ ಕೊಲೊಟೈಪ್ ಎಂಬ ಅಚ್ಚಿನ ಪ್ರತಿಗಳು. ಅಚ್ಚು ಎಷ್ಟು ನಯವೆಂದರೆ ಮಸಿ ಇನ್ನೂ ಹಸಿಯೆನಿಸುತ್ತದೆ.

ತಪಾಸಣೆಗೆ ಹತ್ತಿದ ಪೊಲೀಸಿನವನು ಒಂದನ್ನು ಎಳೆದು, ಚಿತ್ರದ ಮರದ ಪಕ್ಕದ ಜಪಾನಿ ಬರಹಕ್ಕೆ ಬೆರಳಿಟ್ಟ. "ಇದ್ಯಾವ ಭಾಷಾರೀ?"

ಪಕ್ಕದಲ್ಲಿದ್ದ ಮುದುಕರು, ಹಿಂದೆ ಊರ ಲೆಕ್ಕಪತ್ರದ ಕುಲಕರ್ಣಿಕಿ ಮಾಡಿದವರು, ಹಾಳೆ ಇಸಕೊಂಡರು.

"ದಫ್ತರದ ಹಳೇ ಮರಾಠಿ ಮೋಡಿ ಲಿಪಿ ಅದಪಾ. ಇದು ಹೊಲದ ಗಡೀ ಗಿಡ. ಬಾಜೂಕ ನಾಕೂ ದಿಕ್ಕಿನ ಚಕಬಂದಿ ಬರದಾರ." ತಡವರಿಸದೆ ನಾಲ್ಕು ಸಾಲು ಓದಿಯೂ ಬಿಟ್ಟರು. ಓದಿದ್ದರಲ್ಲಿ ಒಂದಕ್ಷರವೂ ಹಾಳೆಯ ಮೇಲಿರಲಿಲ್ಲ.

"ಛಲೋ ಆತು ಬಿಡ್ರಿ," ಎಂದ ಪೊಲೀಸಿನವನು. "ನಮ್ಮ ಸಾಹೇಬ್ರಿಗೂ ಮೋಡಿ ಬರತೈತಿ. ತೋರಿಸ್ಕೊಂಡು ಬರ್ತೇನಿ."

ಹಾಳೆ ಹಿಡಿದು ಎದುರಿನ ಠಾಣೆಯೊಳಗೆ ಹೋದ. ಬಸ್ಸು ಇನ್ನೂ ಹೊರಟಿಲ್ಲ.