ಕಂಬಳಿಯೊಳಗಿನ ಕತ್ತಲು ಮತ್ತು ನಮ್ಮ ತಿಪ್ಪೇಶ

ಇಲ್ಲ... ನಂಬೋಕೆ ಆಗ್ತಿಲ್ಲ.
ತಿಪ್ಪೇಶ ಹೋಗಿಬಿಟ್ಟನಂತೆ.
ನಿನ್ನೆ ಸಂಜೆ ಫೋನಿನಲ್ಲಿ ನಕ್ಕಿದ್ದ. ದನಿ ಗಟ್ಟಿಯಾಗಿತ್ತು. ಒಂದು ಕೆಮ್ಮು ಕೂಡ ಇರಲಿಲ್ಲ...

ಅವನನ್ನು ಅರಿಯದವರಿಗೆ ಹೇಳುತ್ತೇನೆ.
ಎಪ್ಪತ್ತರ ದಶಕ. ಚಿತ್ರದುರ್ಗದ ಕಾಲೇಜೊಂದರಲ್ಲಿ ನಾನು, ತಿಪ್ಪೇಶ, ಹೊಸದುರ್ಗದ ಚಂದ್ರಣ್ಣ... ಮೂವರೂ ಫಿಸಿಕ್ಸ್ ಮೇಷ್ಟ್ರುಗಳು.
ತಿಪ್ಪೇಶನಿಗೆ ಕ್ವಾಂಟಮ್ ಸಿದ್ಧಾಂತದ ಹುಚ್ಚು.
ಅದನ್ನು ಕಟ್ಟಿದ ಮಹನೀಯರ ವಾದಗಳನ್ನು ದಾಯಾದಿ ಜಗಳದ ಹಾಗೆ ಹೇಳುತ್ತಿದ್ದ. ಆ ವಾದಗಳು ನಡೆದ ಕೋಪನ್‌ಹೇಗನ್ ಅವನಿಗೆ ಹೊಳಲ್ಕೆರೆಯಷ್ಟೇ ಹತ್ತಿರ!

ಲ್ಯಾಬಿನಲ್ಲಿ ಒಂದು ಹಳೇ ಹಿತ್ತಾಳೆ ಕೊಳವೆ ಇತ್ತು. ಒಳಗೆ ರೇಡಿಯಂ ಚೂರು.
ಅದರ ಪರಮಾಣು ಒಡೆದಾಗ ಲೆನ್ಸಿನಲ್ಲಿ ಒಂದು ಕಿಡಿ...
ನೋಡಲು ಗಾಢ ಕತ್ತಲು ಬೇಕು. ನಮ್ಮ ಕಿಟಕಿಗಳೋ, ಮುಚ್ಚಿದರೂ ತೆರೆದಂತೆಯೇ.
ತಿಪ್ಪೇಶ ಯಲ್ಲದಕೆರೆಯ ಕುರಿ ಸಾಕುವ ಮನೆಯವನು. ಊರಿಂದ ಕರಿ ಕಂಬಳಿ ತಂದ.
ಮಟಮಟ ಮಧ್ಯಾಹ್ನ ಮೂವರೂ ಮುಸುಕು ಹಾಕಿಕೊಂಡು ಕೂತೆವು.

ಮುಂದಿನ ಕಿಡಿ ಯಾವಾಗ? "ಈಗ!" ಅನ್ನುವುದು ನಮ್ಮ ಆಟ.
ಸರಿಬಂದರೂ ಅದು ಬರೀ ಅದೃಷ್ಟ.
"ಏನಾದ್ರೂ ಸೂಚನೆ ಇರ್ಲೇಬೇಕು" ಅಂದೆ ನಾನು.
"ಇಲ್ಲ ಕಣ್ಲೇ" ಅಂದ ತಿಪ್ಪೇಶ. "ಯಾವ ಆಟಂ ಯಾವಾಗ ಹೋಗ್ತೈತೆ ಅಂತ ಅದಕ್ಕೇ ಗೊತ್ತಿಲ್ಲ. ಕಾರಣ ಹುಡುಕಿ ಹುಡುಕಿ ದೊಡ್ದೊಡ್ಡೋರೇ ಸೋತವ್ರೆ."

ಕಂಬಳಿ ವಾಪಸ್ ಕೊಡಲು ಊರಿಗೆ ಹೋದರೆ ತಿಪ್ಪೇಶನ ಅವ್ವ ಅದನ್ನು ಒಳಗೆ ತರಲು ಬಿಡಲಿಲ್ಲ.
"ಹಗಲೊತ್ನಾಗೆ ಕತ್ಲು ಮಾಡ್ಕಂಡು ಕುಂತಿದ್ರಾ? ಮೊದ್ಲು ಬಿಸಿಲಿಗೆ ಹಾಕ್ರಪ್ಪ... ಒಳಗಿರೋ ಕತ್ಲು ಹೋಗ್ಲಿ."
ನಾವು ನಕ್ಕೆವು.

ಲೇ ತಿಪ್ಪೇಶ...
ಚಂದ್ರಣ್ಣ ಹೋದಾಗ ನಾನು ಸೂಚನೆ ಹುಡುಕುತ್ತಿದ್ದೆ. ನೀನು ಬೈದಿದ್ದೆ.
ಇವತ್ತೂ ಹುಡುಕಿದೆ ಕಣೋ. ನಿನ್ನ ಮಗನನ್ನು ಕೇಳಿದೆ. ಎದೆನೋವು ಅಂದಿದ್ನಾ? ಸುಸ್ತು?
"ಏನೂ ಇಲ್ಲ ಅಂಕಲ್. ತಿಂಡಿ ತಿಂದು, ಕಂಬಳಿ ಬಿಸಿಲಿಗೆ ಹಾಕ್ತೀನಿ ಅಂತ ಹೊರಗೆ ಹೋದ್ರು. ಅಲ್ಲೇ ಕುಸಿದ್ಬಿಟ್ರು..."
ಯಾವ ಕಂಬಳಿ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.
ನೀನೇ ಗೆದ್ದೆ. ಸೂಚನೆ ಇರಲಿಲ್ಲ.

ಆ ಮುಸುಕಿನೊಳಗೆ ಕೂತವರಲ್ಲಿ ಈಗ ನಾನೊಬ್ಬನೇ...
ಜೋಗಿಮಟ್ಟಿ ಬೆಟ್ಟದ ಕಡೆ ಒಳ್ಳೆ ಬಿಸಿಲಿದೆ. ಆದರೂ ಕಿಟಕಿ ಬಾಗಿಲು ತೆರೆದಿಟ್ಟು, ಲೈಟೂ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.
ಭಯ ಆಗ್ತಿದೆ.
ಯಾರೋ ಪಕ್ಕದಲ್ಲೇ ಕೂತು "ಈಗ" ಅನ್ನಲು ಕಾಯುತ್ತಿರುವ ಹಾಗಿದೆ...

ಹೋಗಿ ಬಾ ಗೆಳೆಯ.
ಬೆಳಕಿರುವ ಕಡೆ ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.