ಮದರಂಗಿ ಬೆರಳಿಗೆ ಶಾಯಿ

೧೯೮೩ರ ವಿಧಾನಸಭಾ ಚುನಾವಣೆಯ ಮಾತು. ನಾನಾಗ ದೇವದುರ್ಗದ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಮೂರನೇ ತರಗತಿಯ ಮಕ್ಕಳನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುತ್ತೇನೆ ಎಂಬ ಜಂಬ ನನಗಿತ್ತು. ಚುನಾವಣಾ ಕೆಲಸದ ಆದೇಶ ಕೈಗೆ ಬಂದಾಗ ಮಾತ್ರ ಆ ಜಂಬ ಇಳಿದುಹೋಯಿತು. ಬುರ್ಖಾ ಹಾಕುವ ಹೆಂಗಸರು ಹೆಚ್ಚಿರುವ ಮತಗಟ್ಟೆಗೆ ಸಿಬ್ಬಂದಿಯಲ್ಲಿ ಒಬ್ಬ ಹೆಣ್ಣುಮಗಳು ಬೇಕೇ ಬೇಕು ಅಂತ ನನ್ನನ್ನು ಮಾನ್ವಿಗೆ ಹಾಕಿದ್ದರು.

ಅದಕ್ಕೆ ಒಂದು ವಾರ ಮೊದಲು ರಾಯಚೂರಿನಲ್ಲಿ ತರಬೇತಿ ಇತ್ತು. ಬೆಳಿಗ್ಗೆ ಮತಪೆಟ್ಟಿಗೆಗೆ ಅರಗು ಹಾಕುವುದು, ಶಾಯಿ ಹಚ್ಚುವುದು ಎಲ್ಲ ಕಲಿಸಿದರು. ಅಭ್ಯಾಸಕ್ಕೆಂದು ನಮ್ಮ ನಮ್ಮ ಮುಂಗೈಗೇ ಒಂದೊಂದು ಗೆರೆ ಎಳೆದುಕೊಂಡೆವು. ಊಟವಾದ ಮೇಲೆ ತಕರಾರು ಬಗೆಹರಿಸುವ ಪಾಠ. ಕಲಿಸುತ್ತಿದ್ದ ತಹಸೀಲ್ದಾರರು ನಮ್ಮಲ್ಲೇ ಇಬ್ಬರನ್ನು ಪಕ್ಷದ ಏಜೆಂಟರನ್ನಾಗಿ ಮಾಡಿ, “ಈಗ ಜಗಳಾಡ್ರಿ” ಅಂದರು. ಬಗೆಹರಿಸುವ ಸರದಿ ನನ್ನದು. ಏಜೆಂಟರ ಪೈಕಿ ಒಬ್ಬರು ತಲೆ ನರೆತ ಗುಮಾಸ್ತರು. ಅವರು ಮೇಜು ಗುದ್ದಿ ಕೂಗಿದರು ನೋಡಿ, ನನ್ನ ಬಾಯಿಂದ ದಿನಾ ಆಡುವ ಮಾತೇ ಹೊರಬಿತ್ತು: “ಏಯ್, ಕಿವಿ ಹಿಡ್ಕೊಂಡು ಮೂಲ್ಯಾಗ ನಿಂದ್ರು.”

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಆ ಪುಣ್ಯಾತ್ಮರು ನಿಜವಾಗಿಯೂ ಕಿವಿ ಹಿಡಿದುಕೊಂಡು ಮೂಲೆಗೆ ಹೋಗಿ ನಿಂತುಬಿಟ್ಟರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ತಹಸೀಲ್ದಾರರು ನಗು ತಡೆದುಕೊಂಡು, “ಅಕ್ಕೋರ, ಏಜೆಂಟಗ ಬೈದ್ರೂ ಕೇಳಂಗಿಲ್ಲ, ಕೈ ಮುಗದ್ರೂ ಕೇಳಂಗಿಲ್ಲ. ಅವನ ಕಣ್ಣಿಗೆ ಕಾಣೂ ಹಂಗ ಮಾಡ್ರಿ, ತಾನ ಸುಮ್ನಾಗ್ತಾನ” ಅಂದರು. ನಾಚಿಕೆಯಲ್ಲಿ ಮುಳುಗಿದ್ದ ನನಗೆ ಆ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ.

ಮತದಾನದ ದಿನ ಮಾನ್ವಿಯ ಒಂದು ಶಾಲೆಯ ಕೋಣೆಯೇ ನಮ್ಮ ಮತಗಟ್ಟೆ. ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಪ್ರಿಸೈಡಿಂಗ್ ಆಫೀಸರ್ ಆಗಿ ಬಂದವರು ನಿವೃತ್ತಿಯ ಹತ್ತಿರವಿದ್ದ ಹೆಡ್‌ಮಾಸ್ತರರು. ಬಹಳ ಸೌಮ್ಯ ಮನುಷ್ಯ, ಇರುವೆಗೂ ದಾರಿ ಬಿಟ್ಟು ನಡೆಯುವಂಥವರು. ಹೆಂಗಸರ ಎಡಗೈ ತೋರುಬೆರಳು ನೋಡಿ, ಶಾಯಿಯ ಗುರುತು ಮೊದಲೇ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಶಾಯಿ ಹಚ್ಚುವುದು ನನ್ನ ಕೆಲಸ. ಗುರುತಿದ್ದರೆ ಮತಪತ್ರ ಕೊಡುವ ಹಾಗಿಲ್ಲ.

ಹತ್ತು ಗಂಟೆಯ ಸುಮಾರಿಗೆ ಹನ್ನೊಂದು ಜನ ಹೆಂಗಸರು ಒಟ್ಟಿಗೇ ಬಂದರು. ಮದುವೆ ಮನೆಯವರು. ಹಿಂದಿನ ದಿನವಷ್ಟೇ ಮದರಂಗಿ ಶಾಸ್ತ್ರ ಮುಗಿದಿತ್ತು. ಮೊದಲಿನವಳು ಕೈ ಚಾಚಿದಳು. ಬೆರಳುಗಳ ತುದಿಯೆಲ್ಲ, ಉಗುರು ಸಮೇತ, ಟೋಪಿ ತೊಡಿಸಿದ ಹಾಗೆ ಕಡುಗೆಂಪಾಗಿತ್ತು. ಅದರಲ್ಲಿ ಶಾಯಿಯ ಗುರುತು ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಬೆರಳನ್ನು ಹೊರಳಿಸಿ ಹೊರಳಿಸಿ ನೋಡಿದೆ. ಅಷ್ಟೇ ಸಾಕಾಯಿತು. ಬೆಂಚಿನ ಮೇಲಿದ್ದ ಏಜೆಂಟನೊಬ್ಬ ಎದ್ದು ನಿಂತ.

“ತಡೀರಿ ಅಕ್ಕೋರ. ಇವರ ಹೆಸರು ಎರಡೆರಡು ಕಡೆ ಅದಾವ, ತವರುಮನಿ ಓಣ್ಯಾಗೊಂದು, ಇಲ್ಲೊಂದು. ಅಲ್ಲಿ ಹಾಕಿ ಬಂದಾರ. ಮದರಂಗಿ ಮ್ಯಾಲ ಶಾಯಿ ಕಾಣಂಗಿಲ್ಲ ಅಂತ ಗೊತ್ತಿದ್ದೇ ಬಂದಾರ.”

ಎದುರು ಪಕ್ಷದ ಏಜೆಂಟ ಅವನ ಮೇಲೆ ಏರಿ ಹೋದ. ಕೋಣೆಯೊಳಗೆ ಗದ್ದಲವೋ ಗದ್ದಲ. ಹೆಡ್‌ಮಾಸ್ತರರು ನಿಯಮದ ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದರು. ಮದರಂಗಿಯ ಮಾತು ಅದರಲ್ಲಿ ಎಲ್ಲಿ ಸಿಗಬೇಕು? “ಮ್ಯಾಲಿನ ಸಾಹೇಬರ ಜೀಪ್ ಬರೂತನ ಇವರೆಲ್ಲ ಬಾಜೂಕ ನಿಂದರ್ಲಿ” ಅಂದರು. ಜೀಪು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ನಿಕಾ ಇಟ್ಟುಕೊಂಡ ಹೆಂಗಸರು ಎಷ್ಟು ಹೊತ್ತು ಕಾಯಬೇಕು? ಇಬ್ಬರು ಆಗಲೇ ಗೇಟಿನ ಕಡೆ ತಿರುಗಿದ್ದರು. ತಕರಾರು ಎತ್ತಿದವನು ಏಜೆಂಟನಾದರೂ ಅನುಮಾನವನ್ನು ಮೊದಲು ತೋರಿಸಿಕೊಟ್ಟವಳು ನಾನೇ.

ಆಗ ಗುಂಪಿನ ಹಿರಿಯಾಕೆ, ಮದುಮಗಳ ದೊಡ್ಡಮ್ಮ, ಮುಖದ ಪರದೆ ಎತ್ತಿ ನನ್ನ ಮುಂದೆ ಬಂದರು.

“ನೋಡು ಬೇಟಿ, ಕಳ್ಳರು ಅನಿಸ್ಕೊಂಡು ನಾವು ಮದಿವಿ ಮನಿಗೆ ಹೊಳ್ಳಿ ಹೋಗಂಗಿಲ್ಲ. ಮನ್ಯಾಗ ದುಲ್ಹನ್ ಬ್ಯಾರೆ ಕುಂತಾಳ. ಸಂಜಿಕ ಆದೋನಿಗೆ ಹೋಗ್ತಾಳ. ಅಲ್ಲಿ ಅವಳ ಹೆಸರು ಪಟ್ಟಿಗೆ ಯಾವಾಗ ಹತ್ತತದೋ ಅಲ್ಲಾನೇ ಬಲ್ಲ. ನಮ್ಮದು ಆದ ಮ್ಯಾಲ ಅವಳನ್ನ ಕರಕೊಂಡು ಬರಬೇಕಂತ ಮಾಡೀನಿ. ಅವಳ ಕೈ ಮೊಣಕೈ ತನಕ ಹಿಂಗ ಅದ. ಏನು ಮಾಡ್ತಿ ಹೇಳು.”

ಏನು ಮಾಡಲಿ? ತರಬೇತಿಯಲ್ಲಿ ಅರ್ಧ ಕೇಳಿಸಿದ್ದ ತಹಸೀಲ್ದಾರರ ಮಾತು ಆಗ ಪೂರ್ತಿ ನೆನಪಾಯಿತು. ತಕರಾರು ಎತ್ತಿದ ಏಜೆಂಟನ ಕಡೆ ತಿರುಗಿ ಕೇಳಿದೆ: “ಅಣ್ಣಾರ, ಮದರಂಗಿ ಹಿಂಗ ಕೆಂಪಾಗಾಕ ಒಂದು ರಾತ್ರಿ ಬೇಕು. ಓಟು ಶುರು ಆಗಿದ್ದು ಎಂಟಕ್ಕ. ಶಾಯಿ ಕೆಳಗ ಇರಾಕ ಸಾಧ್ಯ ಇಲ್ಲ, ಹೌದಿಲ್ರಿ? ಇದ್ರ ಮದರಂಗಿ ಮ್ಯಾಲ ಇರಬೇಕು. ಮ್ಯಾಲ ಹಚ್ಚಿದ್ರ ಕಾಣತದೋ ಇಲ್ಲೋ ನಿಮ್ಮ ಮುಂದ ನೋಡೇಬಿಡೂಣು.”

“ಕಾಣಲಿಲ್ಲಂದ್ರ?” ಅಂದ.

ನಾನು ಬಾಯಿ ತೆರೆಯುವ ಮೊದಲು ದೊಡ್ಡಮ್ಮನೇ ಹೇಳಿದರು: “ಕಾಣಲಿಲ್ಲಂದ್ರ ಹನ್ನೊಂದು ಮಂದೀನೂ ಹೋಗ್ತೀವಿ. ದುಲ್ಹನೂ ಬರಂಗಿಲ್ಲ. ಹಚ್ಚು ಬೇಟಿ, ನನ್ನ ಬೆರಳಿಗೆ ಹಚ್ಚು.”

ಹೆಡ್‌ಮಾಸ್ತರರು ತಲೆಯಾಡಿಸಿದರು. ಉಗುರಿನ ಬುಡಕ್ಕೆ ಶಾಯಿ ಎಳೆದೆ. ಹಸಿ ಇದ್ದಾಗ ಸ್ವಲ್ಪ ಮಿಂಚಿತು, ಒಣಗಿದ ಮೇಲೆ ಮತ್ತೆ ಬರೀ ಕೆಂಪು. ಇಬ್ಬರೂ ಏಜೆಂಟರು ಬಗ್ಗಿ ನೋಡಿದರು. ಒಂದು ನಿಮಿಷ, ಎರಡು ನಿಮಿಷ ಆಯಿತು. ಏನೂ ಇಲ್ಲ.

“ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ? ಕಾಣವಲ್ದು” ಅಂದ ಏಜೆಂಟ.

ದೊಡ್ಡಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ, ನನ್ನನ್ನೇ ನೋಡುತ್ತ ನಿಂತರು. ಅವರ ಮುಖ ನೋಡಲಾಗದೆ ತಲೆ ತಗ್ಗಿಸಿದೆ. ನನ್ನ ಮುಂಗೈ ಮೇಲೆ ತರಬೇತಿಯ ದಿನದ ಗೆರೆ ಇನ್ನೂ ಇತ್ತು. ರಾಯಚೂರಿನ ಆ ಸಭಾಂಗಣದಲ್ಲಿ ಅದೂ ಸರಿಯಾಗಿ ಕಂಡಿರಲಿಲ್ಲ. ಬಿಸಿಲಲ್ಲಿ ನಡೆದು ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕಪ್ಪಗಾಗಿತ್ತು. ಈ ಕೋಣೆಗೋ ಇದ್ದದ್ದು ಒಂದೇ ಸಣ್ಣ ಕಿಟಕಿ.

“ಬಿಸಲಾಗ ಬರ್ರಿ” ಅಂದವಳೇ ದೊಡ್ಡಮ್ಮನ ಕೈ ಹಿಡಿದು ಜಗಲಿಗೆ ಎಳೆದುಕೊಂಡು ಹೋದೆ. ಹಿಂದೆ ಏಜೆಂಟರು, ಬಾಗಿಲಲ್ಲಿ ಹೆಡ್‌ಮಾಸ್ತರರು. ಬೆರಳನ್ನು ಬಿಸಿಲಿಗೆ ಹಿಡಿದೆವು. ಪರೀಕ್ಷೆಗಾಗಲಿ ಹೆರಿಗೆಗಾಗಲಿ ನಾನು ದೇವರನ್ನು ಅಷ್ಟು ಬೇಡಿಕೊಂಡವಳಲ್ಲ. ಮೊದಲು ನೇರಳೆ ಬಣ್ಣದ ಎಳೆಯೊಂದು ಮೂಡಿತು. ನೋಡನೋಡುತ್ತ ಅದು ದಟ್ಟವಾಗುತ್ತ ಹೋಗಿ, ಕೆಂಪು ಸೀರೆಗೆ ಕರಿ ಅಂಚು ಇಟ್ಟ ಹಾಗೆ ನಿಂತಿತು.

“ಒದ್ದಿ ಬಟ್ಟಿಲೆ ಒರಸ್ರಿ ನೋಡೂಣು” ಅಂದ ಏಜೆಂಟ. ಒರೆಸಿದೆ. ಹೋಗಲಿಲ್ಲ. ಅವನು ಬಿಡಲಿಲ್ಲ, ಉಳಿದ ಹತ್ತು ಕೈಗಳನ್ನೂ ಅದೇ ಬಿಸಿಲಲ್ಲಿ ಹಿಡಿಸಿ ನೋಡಿದ. ಯಾವ ಬೆರಳಲ್ಲೂ ಕರಿ ಗೆರೆ ಇರಲಿಲ್ಲ. ಕೊನೆಗೆ, “ನಂದ ತಪ್ಪಾತು ಬಿಡ್ರಿ, ಹಾಕ್ಲಿ” ಅಂದು ಬೆಂಚಿಗೆ ಹೋಗಿ ಕುಳಿತ. ಹನ್ನೊಂದು ಮಂದಿಯೂ ಒಬ್ಬರ ಹಿಂದೊಬ್ಬರು ಮತ ಹಾಕಿದರು. ನಾನು ಒಂದು ತಂಬಿಗೆ ನೀರನ್ನು ನಿಂತಲ್ಲೇ ಗಟಗಟ ಕುಡಿದೆ. ಕಣ್ಣಲ್ಲಿ ನೀರು ಬಂದಿತ್ತು. ಮುಖ ತೊಳೆದುಕೊಂಡು ಮತ್ತೆ ಕುರ್ಚಿಗೆ ಬಂದೆ.

ಹನ್ನೆರಡರ ಮೇಲೆ ಪರದೆ ಕಟ್ಟಿದ ಟಾಂಗಾ ಬಂದು ನಿಂತಿತು. ದೊಡ್ಡಮ್ಮ ಮದುಮಗಳನ್ನು ಕರೆದುಕೊಂಡು ಬಂದಿದ್ದರು. ಸಾಲಿನಲ್ಲಿದ್ದವರು ತಾವಾಗಿ ದಾರಿ ಬಿಟ್ಟರು. ಅವಳು ಕೈ ಚಾಚಿದಾಗ ಆ ಏಜೆಂಟ ಮತ್ತೆ ಎದ್ದು ನಿಂತ. ಅವನು ಹೇಳಿದ್ದು ಇಷ್ಟೇ: “ಲಗೂ ಕಳಸ್ರಿ ಅಕ್ಕೋರ, ನಿಕಾಕ್ಕ ಹೊತ್ತಾತು.”

ಈ ಸಲ ನಾನು ಬೆರಳನ್ನು ಹೊರಳಿಸಲಿಲ್ಲ. ಒಮ್ಮೆ ನೋಡಿದೆ, ಶಾಯಿ ಹಚ್ಚಿದೆ. ಆಗ ಮತಕ್ಕೆ ಬೇಕಿದ್ದ ಇಪ್ಪತ್ತೊಂದು ವರ್ಷ ತುಂಬಿ ಅವಳು ಹಾಕಿದ ಮೊದಲ ಮತ ಅದು. ಹೊರಗೆ ಹೋದವಳು ಯಾರೂ ಹೇಳದಿದ್ದರೂ ಜಗಲಿಯ ಬಿಸಿಲಲ್ಲಿ ನಿಂತು, ಗೆರೆ ಕಪ್ಪಾಗುವವರೆಗೂ ಬೆರಳನ್ನೇ ನೋಡುತ್ತಿದ್ದಳು. ಒಳಗೆ ಕೂತ ನನಗೆ ಅವಳು ನಕ್ಕದ್ದು ಕೇಳಿಸಿತು.

ಆಮೇಲೆ ಎಷ್ಟೋ ಚುನಾವಣೆಗಳಲ್ಲಿ ಕೆಲಸ ಮಾಡಿದೆ. ಇವತ್ತಿಗೂ ಯಾವುದಾದರೂ ಮದುವೆ ಮನೆಯಲ್ಲಿ ಮದರಂಗಿಯ ಕೈ ಕಂಡರೆ ಮೊದಲು ಹಳೆಯ ಹೆದರಿಕೆ ಬರುತ್ತದೆ. ಅದರ ಬೆನ್ನಿಗೇ ಸಮಾಧಾನವೂ ಬರುತ್ತದೆ. ಸದ್ಯ, ಆ ಹೆಣ್ಣುಮಕ್ಕಳನ್ನು ಅವತ್ತು ಬಾಗಿಲಿಂದ ಹಿಂದಕ್ಕೆ ಕಳಿಸಲಿಲ್ಲ.